ಮೆಷಿನ್ ಒಳ್ಳೆಯದೇ, ಆದರೆ ಆಕ್ಸಿಜನ್ ಸೆಲ್ ಮಾತ್ರ ಆಫ್ ಮಾಡಿಸಬೇಡಿ

ನಮ್ಮ ಸಣ್ಣ ಆಸ್ಪತ್ರೆಯ ಓಟಿಯಲ್ಲಿ ಹಳೇ ಬಾಯ್ಲ್ಸ್ ಅರಿವಳಿಕೆ ಮೆಷಿನ್ ತೆಗೆದು ಈ ಅನಸ್ತೇಶಿಯಾ ವರ್ಕ್‌ಸ್ಟೇಷನ್ ಹಾಕಿಸಿ ಕೆಲವು ವರ್ಷಗಳಾದವು. ಅರಿವಳಿಕೆ ಕೊಡುವವನು ನಾನೇ. ಕಂಪನಿ ಹೆಸರು ಬೇಡ ಬಿಡಿ.

ವೆಂಟಿಲೇಟರ್ ಚೆನ್ನಾಗಿದೆ, ಮಕ್ಕಳ ಕೇಸಿಗೂ ತೊಂದರೆ ಇಲ್ಲ. ಬ್ಯಾಟರಿ ಹಳೆಯದಾದ ಮೇಲೆ ಸ್ಕ್ರೀನ್ ತೋರಿಸುವ ನಿಮಿಷಗಳನ್ನು ನಂಬಬೇಡಿ, ಅಷ್ಟೇ.

ಬೆಳಗಿನ ಲೀಕ್ ಟೆಸ್ಟ್ ಫೇಲ್ ಆದರೆ ಮೊದಲು ಸೋಡಾಲೈಮ್ (ರೋಗಿ ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರುವ ಕಾಳು) ಡಬ್ಬಿ ಬಿಚ್ಚಿ ನೋಡಿ. ತುಂಬುವಾಗ ಒಂದೇ ಒಂದು ಕಾಳು ವಾಷರ್ ಮೇಲೆ ಕೂತರೂ ಗ್ಯಾಸ್ ಸೋರುತ್ತದೆ. ಒರೆಸಿ ಕೂರಿಸಿದರೆ ಸರಿಹೋಗುತ್ತದೆ. ದ್ರವರೂಪದ ಅರಿವಳಿಕೆ ಔಷಧಿಯನ್ನು ಆವಿ ಮಾಡುವ ವೇಪರೈಸರ್ ಕೆಳಗಿನ ಓ-ರಿಂಗ್ (ರಬ್ಬರ್ ಬಳೆ) ಇನ್ನೂ ಕಿಲಾಡಿ. ಡಯಲ್ ಆಫ್ ಇದ್ದಾಗ ಟೆಸ್ಟ್ ಪಾಸ್, ಆನ್ ಮಾಡಿದಾಗ ಮಾತ್ರ ಸೋರಿಕೆ ಗೊತ್ತಾಗುತ್ತದೆ.

ನನ್ನ ದೊಡ್ಡ ತಕರಾರು ಆಕ್ಸಿಜನ್ ಸೆಲ್ ಬಗ್ಗೆ, ಅಂದರೆ ರೋಗಿಗೆ ಹೋಗುವ ಗ್ಯಾಸಿನಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವ ಸೆನ್ಸರ್. ಅದು ಬಳಸಿದರೂ ಬಿಟ್ಟರೂ ಸವೆಯುತ್ತದೆ. ಹೊಸದು ಕೇಳಿದರೆ ಸರ್ವೀಸ್‌ನವರದ್ದು ಒಂದೇ ರಾಗ, "ಸ್ಟಾಕ್ ಇಲ್ಲ ಸರ್". ಅಲಾರ್ಮ್ ಕಿರಿಕಿರಿ ಅಂತ ಸೆಲ್ಲನ್ನೇ ಆಫ್ ಮಾಡಿಕೊಟ್ಟು ಹೋದರು. ಓಟಿಯಲ್ಲಿ ಎಲ್ಲರಿಗೂ ಖುಷಿ, ನನಗೆ ಮೈಯೆಲ್ಲ ಉರಿ.

ಯಾಕೆ ಅಂತೀರಾ? ಅರಿವಳಿಕೆಗೆ ಆಕ್ಸಿಜನ್ ಜೊತೆ ಕೊಡುವ ನೈಟ್ರಸ್ ಆಕ್ಸೈಡ್ ಗ್ಯಾಸ್ ಎಷ್ಟೇ ಬಿಟ್ಟರೂ ಆಕ್ಸಿಜನ್ ಸುಮಾರು 25%ಕ್ಕಿಂತ ಇಳಿಯದಂತೆ ತಡೆಯುವ ಲಿಂಕ್ ಇದೆಯಲ್ಲ, ಅದಕ್ಕೆ ಯಾವ ಗ್ಯಾಸ್ ಬರುತ್ತಿದೆ ಅಂತ ಗೊತ್ತೇ ಇರುವುದಿಲ್ಲ. ಆಕ್ಸಿಜನ್ ಪೈಪಿನಲ್ಲಿ ನೈಟ್ರಸ್ ಬಂದರೂ ಗೇಜ್ ನಿಶ್ಚಿಂತೆಯಾಗಿ 4 ಬಾರ್ ತೋರಿಸುತ್ತದೆ. ಸಿಲಿಂಡರಿಗೆ ಪಿನ್ ಇಂಡೆಕ್ಸ್ ಇದೆ, ಅಂದರೆ ಒಂದೊಂದು ಗ್ಯಾಸಿಗೂ ಪಿನ್ ಕೂರುವ ಜಾಗ ಬೇರೆ ಬೇರೆ: ಆಕ್ಸಿಜನ್‌ಗೆ 2-5, ನೈಟ್ರಸ್‌ಗೆ 3-5, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಆದರೆ ರಿಪೇರಿಗೆ ಬಂದವರು ಗೋಡೆಯೊಳಗೆ ಪೈಪು ಅದಲುಬದಲು ಬೆಸೆದರೆ? ಅದನ್ನು ಮೊದಲು ಹಿಡಿಯುವುದು ಈ ಸೆಲ್. ಪಲ್ಸ್ ಆಕ್ಸಿಮೀಟರ್ ಕೂಗುವ ಹೊತ್ತಿಗೆ ರೋಗಿಯ ರಕ್ತದಲ್ಲೇ ಆಕ್ಸಿಜನ್ ಇಳಿದಿರುತ್ತದೆ. ಆಗ ಸಿಲಿಂಡರ್ ತೆರೆದರಷ್ಟೇ ಸಾಲದು, ಗೋಡೆಯ ಹೋಸ್ ಕೀಳಲೇಬೇಕು. ಪೈಪಿನ ಒತ್ತಡ ಜಾಸ್ತಿ ಇದ್ದರೆ ಸಿಲಿಂಡರಿನ ಗ್ಯಾಸ್ ಒಳಗೆ ಬರುವುದೇ ಇಲ್ಲ. ಇದು ಹೊಸ ಹುಡುಗರಿಗೆ ಎಷ್ಟು ಸಲ ಹೇಳಿದರೂ ಕಮ್ಮಿಯೇ.

ಕೊನೆಗೆ ಹಟ ಹಿಡಿದು ಸೆಲ್ ತರಿಸಿದೆ. ಈಗ ದಿನಾ ಬೆಳಿಗ್ಗೆ ಬರೀ ಗಾಳಿಯಲ್ಲಿ 21% ತೋರಿಸುತ್ತದಾ ಅಂತ ನೋಡಿಯೇ ಮೊದಲ ಕೇಸ್.

ಮೆಷಿನ್‌ಗೆ ಐದಕ್ಕೆ ನಾಲ್ಕು, ಸರ್ವೀಸ್‌ಗೆ ಎರಡು. ಕೊಳ್ಳುವವರು ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಆಕ್ಸಿಜನ್ ಸೆಲ್, ಫ್ಲೋ ಸೆನ್ಸರ್, ಬ್ಯಾಟರಿ ಮೂರನ್ನೂ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ. ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ನಮಗೆ ಮೆಷಿನ್ ಜೊತೆ ಕೊಡಲಿಲ್ಲ, ಬೇರೆ ಕೊಂಡು ಪಕ್ಕದಲ್ಲೇ ನೇತುಹಾಕಿದ್ದೇವೆ.