ಐನೂರು ರೇಯ್ಸ್, ಹಡಗಿನ ಎಸ್ಕುಡೊ, ಗೋವಾದ ರುಪಿಯಾ: ಮೂರನ್ನೂ ಕೊಂಡು ನೋಡಿದ ಮೇಲೆ

ಹಳೆಯ ಪೋರ್ಚುಗೀಸ್ ನಾಣ್ಯ ಕೂಡಿಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರಿಗೆ ನನ್ನ ಉತ್ತರ ಈಗ ಗಟ್ಟಿಯಾಗಿದೆ. ರಾಜರ ಕಾಲದ ರೇಯ್ಸ್ ಆಮೇಲೆ, ಪೋರ್ಚುಗೀಸರ ಆಳ್ವಿಕೆಯ ಗೋವಾದ ರುಪಿಯಾ ಇನ್ನೂ ಆಮೇಲೆ. ಮೊದಲು ಹಡಗಿನ ಚಿತ್ರವಿರುವ ಬೆಳ್ಳಿ ಎಸ್ಕುಡೊ ಕೊಳ್ಳಿ. ಹೀಗೆ ಹೇಳುವ ಮೊದಲು ಮೂರಕ್ಕೂ ಕೈಯಿಂದ ದುಡ್ಡು ಹಾಕಿದ್ದೇನೆ. ಕೆಲಸದ ಮೇಲೆ ಎರಡು ವರ್ಷ ಲಿಸ್ಬನ್‌ನಲ್ಲಿದ್ದಾಗ ಮೊದಲೆರಡು ಬಗೆಯವನ್ನು ಕೊಂಡೆ, ಮೂರನೆಯದನ್ನು ಊರಾದ ಕಾರವಾರಕ್ಕೆ ಮರಳಿದ ಮೇಲೆ.

ಲಿಸ್ಬನ್‌ನ ಪ್ರಾಸಾ ದೊ ಕೊಮೆರ್ಸಿಯೊ ಚೌಕದ ಕಮಾನುಗಳ ಕೆಳಗೆ ಭಾನುವಾರ ಬೆಳಿಗ್ಗೆ ನಾಣ್ಯದವರು ಮೇಜು ಹಾಕಿ ಕೂರುತ್ತಾರೆ. ನನ್ನ ಮೊದಲ ನಾಣ್ಯ ಅಲ್ಲಿಯದೇ: ಒಂದನೇ ಕಾರ್ಲೋಸ್ ದೊರೆಯ 500 ರೇಯ್ಸ್, 1899ರದ್ದು. 1908ರ ಫೆಬ್ರುವರಿ 1ರಂದು ಆ ದೊರೆಯನ್ನೂ ಹಿರಿಯ ಮಗನನ್ನೂ ಗುಂಡಿಟ್ಟು ಕೊಂದದ್ದು ಇದೇ ಚೌಕದಲ್ಲಿ. ಅವನ ಮುಖವಿರುವ ನಾಣ್ಯವನ್ನು ಅಲ್ಲೇ ನಿಂತು ಅಂಗೈಯಲ್ಲಿ ಹಿಡಿದಾಗ ಬೆಲೆ ಕೇಳುವುದೇ ಮರೆತುಹೋಗಿತ್ತು.

500 ರೇಯ್ಸ್ ತೂಗುವುದು 12.5 ಗ್ರಾಂ. ಸಾವಿರಕ್ಕೆ 917 ಪಾಲು ಬೆಳ್ಳಿ, ಎಂದರೆ ಚೊಕ್ಕ ಬೆಳ್ಳಿಯೇ ಸುಮಾರು 11.46 ಗ್ರಾಂ. 2018ರಲ್ಲಿ ಅಷ್ಟು ಬೆಳ್ಳಿಗೆ ಐದು ಯೂರೋ ಆಸುಪಾಸು ಇತ್ತು. ನಾನು ಕೊಟ್ಟದ್ದು 14. ಮಿಕ್ಕ ಒಂಬತ್ತು ಯೂರೋ ಯಾವುದಕ್ಕೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ನಾಣ್ಯ ಕಪ್ಪಾಗಿತ್ತು. ಮನೆಗೆ ಬಂದು, ದೇವರ ಸಾಮಾನು ತೊಳೆಯುವ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಫಳಫಳ ಹೊಳೆಯಿತು. ಮುಂದಿನ ತಿಂಗಳು ಅದೇ ಕಮಾನಿನ ಕೆಳಗೆ ಮೂವರಿಗೆ ತೋರಿಸಿ ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದೆ. ಮೂವರೂ ಬೆಳ್ಳಿಯ ಬೆಲೆಯನ್ನಷ್ಟೇ ಹೇಳಿದರು. ಅವರಲ್ಲಿ ವಯಸ್ಸಾದವರೊಬ್ಬರು ಭೂತಗಾಜು ಕೊಟ್ಟು, ದೊರೆಯ ಕೆನ್ನೆಯ ಮೇಲೆ ಎದ್ದಿದ್ದ ಕೂದಲೆಳೆಯಂಥ ಗೀರುಗಳನ್ನು ತೋರಿಸಿದರು. ನೂರು ವರ್ಷದಲ್ಲಿ ಕೂತ ಆ ಕಪ್ಪೇ ನಾಣ್ಯದ ಚರ್ಮ. ಅದನ್ನು ನಾನು ಕಿತ್ತುಹಾಕಿದ್ದೆ.

ಆಮೇಲೆ ಇನ್ನೊಂದು 500 ರೇಯ್ಸ್ ಕೊಂಡೆ. ಮುಟ್ಟದೆ ಇಟ್ಟದ್ದು, ಕಿವಿಯ ಮೇಲಿನ ಕೂದಲು ಎಳೆಎಳೆಯಾಗಿ ಉಳಿದದ್ದು. 18 ಯೂರೋ ಕೊಟ್ಟೆ, ಊರಿಗೆ ಹೊರಡುವ ಮುನ್ನ ಕೇಳಿದಾಗ 14 ಹೇಳಿದರು. ವ್ಯಾಪಾರಿಯ ಲಾಭ ಕಳೆದರೆ ಅದು ನ್ಯಾಯವಾದ ಬೆಲೆ. ಪೋರ್ಚುಗಲ್‌ನವರು ನಾಣ್ಯದ ಸ್ಥಿತಿಯನ್ನು ಬಿ.ಸಿ. (ಚೆನ್ನಾಗಿ ಉಳಿದದ್ದು), ಎಂ.ಬಿ.ಸಿ. (ತುಂಬ ಚೆನ್ನಾಗಿ ಉಳಿದದ್ದು), ಬೇಲಾ (ಸುಂದರ), ಸೊಬೆರ್ಬಾ (ಅತ್ಯುತ್ತಮ) ಎಂದು ಮೇಲೇರುವ ಮೆಟ್ಟಿಲುಗಳಲ್ಲಿ ಹೇಳುತ್ತಾರೆ. ಎಂ.ಬಿ.ಸಿ.ಗೂ ಬೇಲಾಗೂ ನಡುವಿನ ಗೆರೆಯನ್ನು ಕಣ್ಣು ಹಿಡಿಯದ ತನಕ ರಾಜರ ಕಾಲದ ಬೆಳ್ಳಿಯಲ್ಲಿ ಕೈ ಸುಟ್ಟುಕೊಳ್ಳುವುದು ಸುಲಭ.

ಕಣ್ಣಿಗೆ ಆ ಪಾಠ ಕಲಿಸುವುದು ಎಸ್ಕುಡೊ. 1910ರ ಅಕ್ಟೋಬರ್ 5ರಂದು ಗಣರಾಜ್ಯ ಬಂತು, ಮರುವರ್ಷ 1000 ರೇಯ್ಸ್ ಸೇರಿ ಒಂದು ಎಸ್ಕುಡೊ ಆಯಿತು. 1932ರಿಂದ ಹಾಯಿಹಡಗಿನ ಚಿತ್ರದ ಮೂರು ಬೆಳ್ಳಿ ನಾಣ್ಯಗಳು ಬಂದವು: ಎರಡೂವರೆ, ಐದು, ಹತ್ತು ಎಸ್ಕುಡೊ. ಹತ್ತರದ್ದು 500 ರೇಯ್ಸ್‌ನಷ್ಟೇ ತೂಕ, ಆದರೆ ಸಾವಿರಕ್ಕೆ 835 ಪಾಲು ಬೆಳ್ಳಿ. ಚಿಕ್ಕವೆರಡರಲ್ಲಿ 650 ಮಾತ್ರ. ಐದರದ್ದು 7 ಗ್ರಾಂ, ಎರಡೂವರೆಯದ್ದು ಅದರ ಅರ್ಧ. ಎರಡೂವರೆಯ ಮೇಲೆ 2, ಆಮೇಲೆ ಡಾಲರ್ ಗುರುತಿನಂಥದ್ದು, ಆಮೇಲೆ 50 ಎಂದು ಬರೆದಿರುತ್ತದೆ. ಆ ಗುರುತಿನ ಹೆಸರು ಸಿಫ್ರಾಂವ್, ಅದು ಇರುವುದು ಎಸ್ಕುಡೊ ಮತ್ತು ಅದರ ನೂರನೇ ಪಾಲಾದ ಸೆಂಟಾವೊಗಳ ನಡುವಿನ ಚುಕ್ಕಿಯ ಜಾಗದಲ್ಲಿ. ಮೇಜಿನವರು ಇದನ್ನು ಎರಡೂವರೆ ಎಂದು ಕರೆಯುವುದು ಕಡಿಮೆ, ‘ಇಪ್ಪತ್ತೈದು ತೊಸ್ಟಾಂವ್’ ಎನ್ನುತ್ತಾರೆ. ತೊಸ್ಟಾಂವ್ ಎಂದರೆ ನೂರು ರೇಯ್ಸ್. ಎಸ್ಕುಡೊ ಬಂದ ಮೇಲೂ ರೇಯ್ಸ್ ಕಾಲದ ಲೆಕ್ಕ ಬಾಯಲ್ಲಿ ಉಳಿದದ್ದು ನನಗೆ ತುಂಬ ಇಷ್ಟವಾಯಿತು. ನಮ್ಮಲ್ಲಿ ನಯಾಪೈಸೆ ಬಂದ ಮೇಲೂ ನಾಲ್ಕಾಣೆ, ಎಂಟಾಣೆ ಉಳಿಯಲಿಲ್ಲವೇ!

ಒಂದೇ ಚಿತ್ರ, ಬೇರೆಬೇರೆ ಇಸವಿ, ಬೇರೆಬೇರೆ ಸವೆತ. ಹತ್ತು ನಾಣ್ಯ ಸಾಲಾಗಿಟ್ಟರೆ ಹಾಯಿಯ ಉಬ್ಬು ಮೊದಲು ಹೇಗೆ ಮಾಸುತ್ತದೆ, ಆಮೇಲೆ ಏನು ಅಳಿಯುತ್ತದೆ ಎಂಬುದು ತಾನೇ ಗೊತ್ತಾಗುತ್ತದೆ. ಐದರ ನಾಣ್ಯಗಳು ನನಗೆ ತಲಾ 4 ಯೂರೋಗೆ ಸಿಕ್ಕವು, 1934ರ ಹತ್ತರದ್ದು 8ಕ್ಕೆ. ತಪ್ಪಿದರೂ ಕಳೆದುಕೊಳ್ಳುವುದು ಒಂದೆರಡು ಯೂರೋ. ಒಂದು ಎಚ್ಚರ: 1937ರ ಎರಡೂವರೆ ಎಸ್ಕುಡೊ ಸಿಗುವುದು ಕಷ್ಟ, ಅದರ ಬೆಲೆ ಉಳಿದ ಇಸವಿಗಳದ್ದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಇಸವಿಯ ಕೊನೆಯ ಅಂಕಿಯನ್ನು ಗಾಜಿನಲ್ಲಿ ನೋಡದೆ ದುಡ್ಡು ಕೊಡಬೇಡಿ. 1937ರ ಆ ನಾಣ್ಯಕ್ಕಿಂತ ಹಳೆಯ 1899ರ 500 ರೇಯ್ಸ್ ಬರೀ ಹದಿನಾಲ್ಕಕ್ಕೆ ಬಂದಿತ್ತಲ್ಲ. ವಯಸ್ಸು ನೋಡಿ ಬೆಲೆ ಕಟ್ಟುವಂತಿಲ್ಲ ಎಂಬುದು ನನಗೆ ಮನದಟ್ಟಾದದ್ದು ಇಲ್ಲಿ.

ಇನ್ನು ಗೋವಾದ ರುಪಿಯಾ. ಬ್ರಿಟಿಷರೊಂದಿಗಿನ 1878ರ ಒಪ್ಪಂದದ ಮೇರೆಗೆ ಇವನ್ನು ಅಚ್ಚು ಹಾಕಿದ್ದು ಕಲ್ಕತ್ತೆಯ ಟಂಕಸಾಲೆ. ಅದಕ್ಕೇ ಒಂದನೇ ಲೂಯಿಸ್ ದೊರೆಯ 1881, 1882ರ ರುಪಿಯಾ ತೂಕದಲ್ಲೂ ಬೆಳ್ಳಿಯಲ್ಲೂ ಬ್ರಿಟಿಷ್ ರೂಪಾಯಿಯ ಅವಳಿ: 11.66 ಗ್ರಾಂ, ಸರಿಯಾಗಿ ಒಂದು ತೊಲ. ಮೂರರಲ್ಲಿ ಮನಸ್ಸಿಗೆ ಹತ್ತಿರವಾದದ್ದು ಇದೇ, ಅತಿ ಹೆಚ್ಚು ತೊಂದರೆ ಕೊಟ್ಟದ್ದೂ ಇದೇ. ಪ್ರವಾಸಿಗರ ಬೀದಿಯ ಒಂದು ಅಂಗಡಿಯಲ್ಲಿ ಕೊಂಡ ಮೊದಲನೆಯದು ಮನೆಯ ತಕ್ಕಡಿಯಲ್ಲಿ ಹತ್ತು ಗ್ರಾಂ ಕೂಡ ತೂಗಲಿಲ್ಲ, ಅಂಚಿನ ಗೀರುಗಳೂ ಮೊಂಡಾಗಿದ್ದವು. ಎರಡನೆಯದು ಅಸಲಿ, 1,800 ರೂಪಾಯಿ. ಆದರೆ ಯಾರೋ ಸರಕ್ಕೆ ಕೊಂಡಿ ಬೆಸೆದು ಆಮೇಲೆ ಕಿತ್ತ ಗುರುತು ದೊರೆಯ ನೆತ್ತಿಯ ಮೇಲಿತ್ತು. ನಮ್ಮ ಕಡೆ ಬೆಳ್ಳಿಯ ನಾಣ್ಯ ಕೊರಳಿಗೇರುವುದು ಹೆಚ್ಚು, ಆದ್ದರಿಂದ ಹನ್ನೆರಡು ಗಂಟೆಯ ಜಾಗವನ್ನು ಮೊದಲು ನೋಡಬೇಕು. ಬೆಂಗಳೂರಿನ ನಾಣ್ಯ ಪ್ರದರ್ಶನವೊಂದರಲ್ಲಿ ಅದಕ್ಕೆ 900 ರೂಪಾಯಿಗಿಂತ ಮೇಲೆ ಯಾರೂ ಹೋಗಲಿಲ್ಲ.

ಇನ್ನೊಂದು ಮಾತು ಬಹಳ ಮಂದಿಗೆ ಗೊತ್ತಿಲ್ಲ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಗೋವಾದಲ್ಲಿ ಕೊಂಡ 1881ರ ರುಪಿಯಾಕ್ಕೆ ಲಿಸ್ಬನ್‌ನಲ್ಲಿ ಎಷ್ಟೇ ಬೆಲೆ ಇರಲಿ, ಅದನ್ನು ಮಾರಬೇಕಾದದ್ದು ಇಲ್ಲೇ.

ಈಗ ನಾನು ಹುಡುಕುತ್ತಿರುವುದು 1898ರ ಸಾವಿರ ರೇಯ್ಸ್. 25 ಗ್ರಾಂ ಬೆಳ್ಳಿ, ಕಾರ್ಲೋಸ್ ದೊರೆ ಮತ್ತು ಅಮೇಲಿಯಾ ರಾಣಿಯ ಮುಖ ಒಟ್ಟಿಗೆ. ವಾಸ್ಕೋ ಡ ಗಾಮನ ಯಾನಕ್ಕೆ ನಾನೂರು ವರ್ಷ ತುಂಬಿದ ನೆನಪಿನದು. 1498ರಲ್ಲಿ ಮರಳುವಾಗ ಗಾಮ ಹಡಗು ನಿಲ್ಲಿಸಿದ್ದ ಅಂಜದೀವ್ ದ್ವೀಪ ಕಾರವಾರದ ಬಿಣಗಾ ದಂಡೆಯಿಂದ ಕಾಣುತ್ತದೆ. ಲಿಸ್ಬನ್ ಬಿಡುವ ಮುನ್ನ ಅಂಥ ಎರಡು ನಾಣ್ಯ ಕೈಗೆ ಬಂದಿದ್ದವು. ಒಂದನ್ನು ತಿಕ್ಕಿದ್ದರು, ಇನ್ನೊಂದರ ಅಂಚಿನಲ್ಲಿ ಕೊಂಡಿ ಕಿತ್ತ ಗುರುತಿತ್ತು. ಎರಡನ್ನೂ ಮೇಜಿನ ಮೇಲೇ ಬಿಟ್ಟು ಬಂದೆ.