ಅರವತ್ತರ ಮೇಲೆ ಕಸ್ಟಮ್ ಸೈಕಲ್: ಟೈಟಾನಿಯಂ, ಕಾರ್ಬನ್, ಮೋಟರು, ಉಕ್ಕು

ಕಸ್ಟಮ್, ಅಂದರೆ ಅಳತೆ ಕೊಟ್ಟು ಮಾಡಿಸುವ, ಟೈಟಾನಿಯಂ ಸೈಕಲ್ಲಿನ ಬೆಲೆ ಹೇಳಿದರೆ ಕೇಳಿದವರ ಬಾಯಲ್ಲಿ ಮೊದಲು ಬರುವುದು ಯಾವುದಾದರೂ ಕಾರಿನ ಹೆಸರು. ನನ್ನ ಮಗನೂ ಅದನ್ನೇ ಅಂದ: "ಅಮ್ಮಾ, ಆ ದುಡ್ಡಿಗೆ ಒಳ್ಳೇ ಕಾರೇ ಬರುತ್ತಲ್ಲ!" ಬರುತ್ತೆ. ಆದರೆ ಚಾಮುಂಡಿ ಬೆಟ್ಟಕ್ಕೆ ಕಾರಲ್ಲಿ ಹೋಗಿಬರುವುದು ನನಗೆ ಯಾವತ್ತೂ ಕಷ್ಟವಾಗಿರಲಿಲ್ಲವಲ್ಲ, ಅದಕ್ಕೆ ಪರಿಹಾರ ಯಾಕೆ?

ನನಗೆ ಈಗ 61. ಬ್ಯಾಂಕಿನಿಂದ ನಿವೃತ್ತಿ. ಎತ್ತರ ಸರಿಯಾಗಿ ಐದಡಿ, ತೂಕ 54 ಕೆಜಿ. ಮೈಸೂರಿನಿಂದ ಬೆಳಗ್ಗೆ ವರುಣಾ ಕೆರೆ ಕಡೆಗೋ ನಂಜನಗೂಡಿಗೋ ಹೋಗಿಬರುತ್ತೇನೆ, ಭಾನುವಾರ ಗುಂಪಿನ ಜೊತೆ ಬೆಟ್ಟ. ಹಳೆಯ ಹೈಬ್ರಿಡ್ ಸೈಕಲ್ಲಿಗೆ ವಯಸ್ಸಾಯಿತು, ಕೈಯಲ್ಲಿ ನಿವೃತ್ತಿಯ ದುಡ್ಡಿದೆ, ಮೈಯಲ್ಲಿ ಇನ್ನೂ ಹತ್ತು ವರ್ಷ ತುಳಿಯುವ ಕಸುವಿದೆ ಅಂತ ನಂಬಿಕೆ. ಹಾಗಾಗಿ ಅವರಿವರಿಂದ ಎರವಲು ಪಡೆದು, ಬಾಡಿಗೆಗೆ ತಂದು, ನಾಲ್ಕು ಬಗೆಯ ಸೈಕಲ್ ಓಡಿಸಿ ನೋಡಿದೆ. ಇಲ್ಲಿ ಬರೆಯುತ್ತಿರುವುದು ಐದಡಿ ಎತ್ತರದವಳ ಅನುಭವ. ಆ ಐದಡಿಯೇ ಇಡೀ ಲೆಕ್ಕವನ್ನು ತಿರುಗಿಸಿತು, ಅದನ್ನು ಮರೆಯದೆ ಓದಿ.

ಮೊದಲು ಅಂಗಡಿಯ ಕಾರ್ಬನ್, ಅಂದರೆ ಕಾರ್ಬನ್ ಫೈಬರ್ ಫ್ರೇಮಿನ ರೆಡಿಮೇಡ್ ಸೈಕಲ್ಲು. ಟ್ರೆಕ್ ಡೊಮಾನೆ, ಜೈಂಟ್ ಡಿಫೈ, ಸ್ಪೆಷಲೈಜ್ಡ್ ರೂಬೇ ಇವೆಲ್ಲ 'ಎಂಡ್ಯೂರೆನ್ಸ್' ಅನ್ನುವ ಜಾತಿಯವು. ರೇಸಿನ ಸೈಕಲ್ಲಿನಷ್ಟು ಬಗ್ಗಿ ಕೂರಬೇಕಿಲ್ಲ, ಬೆನ್ನಿಗೆ ಆರಾಮ. ನಾನು ತಂದದ್ದು ಈ ಜಾತಿಯದೇ ಒಂದು, ಅತಿ ಚಿಕ್ಕ ಸೈಜು. ಹಗುರ ಅಂದರೆ ಹಗುರ, ಒಂದೇ ಕೈಯಲ್ಲಿ ಎತ್ತಿ ಮೆಟ್ಟಿಲು ಹತ್ತಿಸಬಹುದು. ನೇರ ರಸ್ತೆಯಲ್ಲಿ ಹಾಗೇ ಹಾರುತ್ತೆ. ಸಮಸ್ಯೆ ಬಂದದ್ದು ನಿಧಾನವಾಗಿ ತಿರುಗಿಸುವಾಗ. ನಮ್ಮ ಬೀದಿಯ ಮೂಲೆಯಲ್ಲಿ ಯಾರೋ ಆಟೋ ಅಡ್ಡ ನಿಲ್ಲಿಸಿದ್ದರು. ನಡಿಗೆಯ ವೇಗದಲ್ಲಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ. ಬಲಪೆಡಲು ಮುಂದಿತ್ತು, ಶೂ ತುದಿ ಮುಂಚಕ್ರದ ಟೈರಿಗೆ 'ಸರ್' ಅಂತ ಉಜ್ಜಿ, ಹ್ಯಾಂಡಲ್ ಅಲ್ಲೇ ತಡೆದು ನಿಂತಿತು. ಇಪ್ಪತ್ತರ ಹುಡುಗಿಯಾದರೆ ಕಾಲು ಕೊಟ್ಟು ನಗುತ್ತಾಳೆ. ಅರವತ್ತರಲ್ಲಿ ಆ ಥರ ಬಿದ್ದರೆ ಮಣಿಕಟ್ಟೋ ಸೊಂಟವೋ ಹೋದಂತೆಯೇ.

ಸೈಕಲ್ಲಿನವರು ಇದನ್ನು ಟೋ ಓವರ್‌ಲ್ಯಾಪ್ ಅನ್ನುತ್ತಾರೆ. ಕಾರಣ ಸರಳ. ಆರಡಿಯವನ ಸೈಕಲ್ಲಿಗೂ ಐದಡಿಯವಳ ಸೈಕಲ್ಲಿಗೂ ಹೆಚ್ಚಿನ ಕಂಪನಿಗಳು ಹಾಕುವುದು ಒಂದೇ 700ಸಿ ಚಕ್ರ, ಅಂದರೆ 622 ಮಿ.ಮೀ. ರಿಮ್ಮು. ಫ್ರೇಮು ಕುಗ್ಗುತ್ತೆ, ಚಕ್ರ ಕುಗ್ಗಲ್ಲ. ಜಾಗ ಹೊಂದಿಸಲು ಮುಂಚಕ್ರ ಹಿಡಿಯುವ ಫೋರ್ಕನ್ನು ಇನ್ನಷ್ಟು ಓರೆ ಮಾಡುತ್ತಾರೆ, ಸೀಟಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಸೀಟು ಮುಂದಕ್ಕೆ ಬಂದಷ್ಟೂ ಮೈಭಾರ ಅಂಗೈ ಮೇಲೆ. ನಂಜನಗೂಡು ತಲುಪುವ ಹೊತ್ತಿಗೆ ನನ್ನ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದಿರುತ್ತಿದ್ದವು. ಬೆಂಗಳೂರಿಗೆ ಹೋಗಿ ಬೈಕ್ ಫಿಟ್ಟಿಂಗೂ ಮಾಡಿಸಿದೆ. ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ ಚಿಕ್ಕದು ಹಾಕಿದರು, ಸೀಟು ಹಿಂದೆ ಸರಿಸಿದರು, ಹ್ಯಾಂಡಲ್ ಎತ್ತರಿಸಿದರು. ಜೋಮು ಮುಕ್ಕಾಲು ಪಾಲು ಹೋಯಿತು. ಚಕ್ರಕ್ಕೆ ಕಾಲ್ಬೆರಳು ತಾಗುವುದು ಹೋಗಲಿಲ್ಲ, ಅದು ಯಾವ ಸ್ಕ್ರೂನಿಂದಲೂ ಹೋಗುವಂಥದ್ದಲ್ಲ.

ಈ ತೊಂದರೆಯೇನೂ ಹೊಸದಲ್ಲ. ಅಮೆರಿಕದ ಎಂಜಿನಿಯರ್ ಜಾರ್ಜೀನಾ ಟೆರಿ 1985ರಲ್ಲಿ ಹೆಂಗಸರಿಗಾಗಿಯೇ ಸೈಕಲ್ ಕಂಪನಿ ಶುರುಮಾಡಿದಾಗ ಚಿಕ್ಕ ಸೈಜುಗಳಿಗೆ ಹಿಂದೆ ಮಾಮೂಲಿ ಚಕ್ರ, ಮುಂದೆ 24 ಇಂಚಿನ ಚಕ್ರ ಹಾಕಿದ್ದರು. ನೋಡಲು ವಿಚಿತ್ರವಾಗಿರುತ್ತೆ, ಆದರೆ ಬೆರಳು ತಾಗಲ್ಲ. ನಲವತ್ತು ವರ್ಷ ಕಳೆದರೂ ದೊಡ್ಡ ಕಂಪನಿಗಳು ಕುಳ್ಳಿಯರಿಗೆ ಅದೇ 622 ತುರುಕುತ್ತಿರುವುದು ನೋಡಿದರೆ ಸಿಟ್ಟು ಬರುತ್ತೆ.

ಇನ್ನು ಟೈಟಾನಿಯಂ. ಬೆಂಗಳೂರಿನ ನನ್ನ ಗೆಳತಿ ಅಮೆರಿಕದಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಳತೆ ಕೊಟ್ಟು ಮಾಡಿಸಿಕೊಂಡದ್ದು. "ಲೇ, ನೀನೇ ಇಟ್ಕೊಂಡು ಓಡ್ಸಿ ನೋಡೇ, ಆಮೇಲೆ ಮಾತಾಡು" ಅಂತ ಕೊಟ್ಟೇಬಿಟ್ಟಳು. ಬಣ್ಣವಿಲ್ಲದ ಬೂದು ಲೋಹ, ಬೆಸುಗೆಯ ಸಾಲು ನೋಡಿದರೆ ಯಾರೋ ಸೂಜಿ ಹಿಡಿದು ಹೆಣೆದಂತೆ ಒಂದೇ ಸಮ. ಟೈಟಾನಿಯಂ ತುಕ್ಕು ಹಿಡಿಯಲ್ಲ, ಅದಕ್ಕೇ ಬಣ್ಣ ಬೇಕಿಲ್ಲ. ಬೆವರು ಸುರಿದರೂ ಮಳೆಯಲ್ಲಿ ನೆನೆದರೂ ಒರೆಸಿಟ್ಟರೆ ಆಯಿತು. ಉಕ್ಕಿನ ಸಾಂದ್ರತೆಯ ಹೆಚ್ಚುಕಡಿಮೆ ಅರುವತ್ತು ಪರ್ಸೆಂಟ್ ಮಾತ್ರ. ಬೆಸೆಯುವಾಗ ಗಾಳಿ ಸೋಕಬಾರದು, ಸುತ್ತ ಆರ್ಗಾನ್ ಅನಿಲ ಇರಬೇಕು. ಕೂಲಿ ಏರುವುದು ಅಲ್ಲೇ.

ಓಡಿಸಿದರೆ? ಅವಳು ನನಗಿಂತ ಎರಡಿಂಚು ಎತ್ತರ. ಬೇರೆಯವರ ಅಳತೆಗೆ ಹೊಲಿದ ರವಿಕೆ ತೊಟ್ಟ ಹಾಗೆ, ಬಟ್ಟೆ ಎಷ್ಟೇ ಚೆನ್ನಾಗಿರಲಿ, ಹೆಗಲು ಹಿಡಿಯುತ್ತೆ. ಆದರೂ ಹಳ್ಳಿಗಳ ಹಂಪು, ಕಿತ್ತುಹೋದ ಡಾಂಬರು, ಇದರ ಮೇಲೆ ಅದು ಹೋಗುವ ರೀತಿಗೆ ಮನಸೋತದ್ದು ನಿಜ. ಟೈಟಾನಿಯಂ ಮಹಿಮೆ ಅಂದುಕೊಂಡೆ. ಆಮೇಲೆ ಟೈರು ನೋಡಿದೆ: 32 ಮಿ.ಮೀ. ಅಗಲ, ಗಾಳಿ 45 ಪಿಎಸ್‌ಐ. ನಾನು ತಂದಿದ್ದ ಕಾರ್ಬನ್ನಿನದು 25 ಮಿ.ಮೀ., ಅಂಗಡಿಯ ಹುಡುಗ ಎಲ್ಲರಿಗೂ ತುಂಬುವ ಹಾಗೆ 90 ತುಂಬಿದ್ದ. ಐವತ್ತನಾಲ್ಕು ಕೆಜಿಯವಳಿಗೆ ಅದು ಕಲ್ಲಿನ ಚಕ್ರವೇ ಸರಿ. ಕಾರ್ಬನ್ನಿಗೂ 32ರ ಟೈರು ಹಾಕಿಸಿ, ಗಾಳಿ ಇಳಿಸಿ, ಅದೇ ವರುಣಾ ರಸ್ತೆಯಲ್ಲಿ ಓಡಿಸಿದೆ. ಮೆತ್ತನೆಯ ವಿಷಯದಲ್ಲಿ ಎರಡಕ್ಕೂ ಇದ್ದ ವ್ಯತ್ಯಾಸ ಹುಡುಕಿ ಹೇಳುವಷ್ಟು ಮಾತ್ರ ಉಳಿಯಿತು. ಲೋಹಕ್ಕೆ ಕೊಡುತ್ತೇವೆ ಅಂದುಕೊಂಡ ಹಣದಲ್ಲಿ ಎಷ್ಟು ಪಾಲು ಗಾಳಿಗೆ ಹೋಗುತ್ತಿದೆ ಅಂತ ಲಕ್ಷಗಟ್ಟಲೆ ಸುರಿಯುವವರು ಒಮ್ಮೆ ಹೀಗೆ ನೋಡಿಕೊಳ್ಳಲಿ.

ತೂಕದ ಕಥೆಯೂ ಅಷ್ಟೇ. ನಾನು, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ ಸುಮಾರು 66 ಕೆಜಿ. ಫ್ರೇಮಿನಲ್ಲಿ ಒಂದು ಕೆಜಿ ಇಳಿಸಿದರೆ ಉಳಿಯುವುದು ಒಂದೂವರೆ ಪರ್ಸೆಂಟ್. ಬೆಟ್ಟದ ಏರಿಗೆ ಅರ್ಧ ಗಂಟೆ ಹಿಡಿದರೆ ಲಾಭ ಅರ್ಧ ನಿಮಿಷವೂ ಇಲ್ಲ. ಆ ಹೊತ್ತಿಗೆ ನಾನು ದೊಡ್ಡ ನಂದಿಯ ಹತ್ತಿರ ನಿಂತು ನೀರು ಕುಡಿದಿರುತ್ತೇನೆ.

ಇಂಥ ಟೈಟಾನಿಯಂ ಫ್ರೇಮಿಗೇ ಮೂರೂವರೆ ನಾಲ್ಕು ಲಕ್ಷ ದಾಟುತ್ತೆ. ಗೇರು, ಚಕ್ರ, ಬ್ರೇಕು, ಸಾಗಾಟ, ಸುಂಕ ಸೇರಿದರೆ ಏಳರ ಹತ್ತಿರ. ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ 12ರಿಂದ 5 ಪರ್ಸೆಂಟಿಗೆ ಇಳಿಯಿತು, ಸರಿ. ಹೊರದೇಶದ ಮಾಲಿಗೆ ಕಸ್ಟಮ್ಸ್ ಸುಂಕ ತಪ್ಪುವುದಿಲ್ಲ. ಇನ್ನೊಂದು ಮಾತು ಮಾರುವವರು ಹೇಳುವುದಿಲ್ಲ: ಐದಡಿಯವಳ ಮೈಗೆ ಕಟ್ಟಿದ ಸೈಕಲ್ಲನ್ನು ನಾಳೆ ಮಾರಬೇಕೆಂದರೆ ಇನ್ನೊಬ್ಬ ಐದಡಿಯವಳೇ ಸಿಗಬೇಕು.

ಮೋಟರಿನ ಸೈಕಲ್ಲಿನದು ಬೇಗ ಮುಗಿಸುತ್ತೇನೆ. 250 ವ್ಯಾಟ್ ಒಳಗಿದ್ದು, 25 ಕಿ.ಮೀ. ವೇಗಕ್ಕಿಂತ ಮೇಲೆ ಹೋಗದಿದ್ದರೆ ರಿಜಿಸ್ಟ್ರೇಷನ್ ಬೇಡ, ಲೈಸೆನ್ಸ್ ಬೇಡ. ಬೆಟ್ಟಕ್ಕೆ ಮಾತಾಡಿಕೊಂಡೇ ಹತ್ತಿದೆ, ಅದು ಸುಳ್ಳಲ್ಲ. ಮಂಡಿ ನೋವಿನವರಿಗೆ, ಹೃದಯದ ಡಾಕ್ಟರು "ಏದುಸಿರು ಬರಬಾರದು" ಅಂದವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ನಾನು ಬಾಡಿಗೆಗೆ ತಂದದ್ದು 22 ಕೆಜಿ ಇತ್ತು, ನಮ್ಮದು ಮೊದಲ ಮಹಡಿ. ಸೈಜೂ ಒಂದೇ, ಎಲ್ಲರಿಗೂ ಅದೇ. ಎಪ್ಪತ್ತಕ್ಕೆ ಬೇಕಾದೀತು, ಆಗ ಬ್ಯಾಟರಿಗಳೂ ಇನ್ನಷ್ಟು ಹಗುರವಾಗಿರುತ್ತವೆ.

ನಾಲ್ಕನೆಯದು ಉಕ್ಕು. ಉಕ್ಕಿನ ಫ್ರೇಮನ್ನು ಅಳತೆ ತೆಗೆದು ಕೈಯಲ್ಲೇ ಕಟ್ಟುವವರು ನಮ್ಮ ದೇಶದಲ್ಲೂ ಬೆರಳೆಣಿಕೆಯಷ್ಟು ಮಂದಿ ಇದ್ದಾರೆ. ಉಕ್ಕು ಅಂದರೆ ಹಾಲಿನವರ ಸೈಕಲ್ಲಿನ ಉಕ್ಕಲ್ಲ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ ತಂದ 531 ಎಂಬ ಮಿಶ್ರಲೋಹದ ಕೊಳವೆಯ ಸೈಕಲ್ಲುಗಳು ಇವತ್ತಿಗೂ ಓಡುತ್ತಿವೆ. ಈಗಿನ ಕೊಳವೆಗಳು ಇನ್ನೂ ತೆಳು, ಇನ್ನೂ ಗಟ್ಟಿ. ಕಾರ್ಬನ್ನಿಗಿಂತ ಫ್ರೇಮು ಒಂದು ಕೆಜಿಯಷ್ಟು ಭಾರ; ಆ ಅರ್ಧ ನಿಮಿಷದ ಲೆಕ್ಕ ಆಗಲೇ ಹೇಳಿದೆನಲ್ಲ. ತುಕ್ಕು ಮಾತ್ರ ನಿಜವಾದ ಶತ್ರು, ಒಳಗೆ ಮೇಣದ ಸ್ಪ್ರೇ ಹೊಡೆಸಬೇಕು, ಗೀರು ಬಿದ್ದಲ್ಲಿ ಬಣ್ಣ ಹಚ್ಚಬೇಕು.

ನಾನು ಹುಡುಕಿದ ಕುಶಲಿ ಮಾದರಿಗೆಂದು ಇಟ್ಟುಕೊಂಡಿದ್ದ ಒಂದು ಪುಟ್ಟ ಸೈಕಲ್ಲು ಕೊಟ್ಟರು. 26 ಇಂಚಿನ ಚಕ್ರ, ಒಂದೂವರೆ ಇಂಚಿನ ಟೈರು, 160 ಮಿ.ಮೀ. ಕ್ರ್ಯಾಂಕು, ಅಂದರೆ ಪೆಡಲು ಕೂರುವ ತೋಳು. ಅವರ ಗೇಟಿನ ಮುಂದೆ ಹ್ಯಾಂಡಲ್ ಪೂರ್ತಿ ತಿರುಗಿಸಿ ಎಂಟು ಹಾಕಿದೆ, ಬೆರಳು ಎಲ್ಲೂ ತಾಗಲಿಲ್ಲ. ಲೆಕ್ಕ ಹಾಕಿದರೆ ಗೊತ್ತಾಗುತ್ತೆ: ಚಕ್ರದ ತ್ರಿಜ್ಯದಲ್ಲಿ ಸುಮಾರು 2 ಸೆಂ.ಮೀ. ಉಳಿತಾಯ, ಮಾಮೂಲಿ 170ರ ಬದಲು 160ರ ಕ್ರ್ಯಾಂಕಿನಿಂದ ಇನ್ನೊಂದು. ಚಿಕ್ಕ ಕ್ರ್ಯಾಂಕಿನಿಂದ ಪೆಡಲು ಮೇಲೆ ಬಂದಾಗ ಮಂಡಿ ಅಷ್ಟೊಂದು ಮಡಚಬೇಕಿಲ್ಲ, ಸೊಂಟಕ್ಕೂ ಸುಖ. 26ರ ಇನ್ನೊಂದು ಅನುಕೂಲ ಊರೂರಿನಲ್ಲಿದೆ: ಟಿ. ನರಸೀಪುರದ ಪಂಕ್ಚರ್ ಅಂಗಡಿಯಲ್ಲೂ ಆ ಟ್ಯೂಬು ನೇತಾಡುತ್ತಿರುತ್ತೆ.

ಗೇರಿನಲ್ಲಿ ಇನ್ನೂ ದೊಡ್ಡ ಲಾಭ. ಕಾರ್ಬನ್ನಿನಲ್ಲಿ ಅತಿ ಸುಲಭದ ಗೇರು ಮುಂದೆ 34 ಹಲ್ಲು, ಹಿಂದೆ 34. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7.7 ಕಿ.ಮೀ. ಹೋಗಲೇಬೇಕು, ಅದಕ್ಕಿಂತ ನಿಧಾನವಾದರೆ ಮಂಡಿ ಅಳುತ್ತೆ. ಉಕ್ಕಿನದಕ್ಕೆ ಮುಂದೆ 30, ಹಿಂದೆ 34, ಚಿಕ್ಕ ಚಕ್ರ ಸೇರಿ ಅದೇ 60 ಸುತ್ತಿಗೆ 6.3 ಕಿ.ಮೀ. ಸಾಕು. ಬೆಟ್ಟದ ಕಡಿದಾದ ತಿರುವಿನಲ್ಲಿ ಈ ಹೆಚ್ಚುಕಡಿಮೆ ಒಂದೂವರೆ ಕಿ.ಮೀ. ಅಂದರೆ ಕೂತು ಹತ್ತುವುದಕ್ಕೂ ಇಳಿದು ತಳ್ಳುವುದಕ್ಕೂ ಇರುವ ಅಂತರ.

ಎಲ್ಲ ಸೇರಿ ನನಗೆ ಕೊಟ್ಟ ಲೆಕ್ಕ ಎರಡು ಲಕ್ಷ ಚಿಲ್ಲರೆ. ಕಾರ್ಬನ್ನಿಗೂ ಅಷ್ಟೇ ಆಗುತ್ತಿತ್ತು. ಅಳತೆಗೆ ಹಣ ಕೊಡಬಹುದು, ಲೋಹಕ್ಕೆ ಕೊಡಬೇಕಿಲ್ಲ ಅನ್ನುವುದು ನನ್ನ ತೀರ್ಮಾನ. ಉಕ್ಕಿಗೇ ಮುಂಗಡ ಕೊಟ್ಟಿದ್ದೇನೆ. ಗೆಳತಿ ಇನ್ನೂ ಮುನಿಸಿಕೊಂಡಿದ್ದಾಳೆ, ಟೈಟಾನಿಯಂ ಕೊಂಡವರಿಗೆ ಸ್ವಲ್ಪ ಮತಪ್ರಚಾರದ ಗುಣ ಬರುತ್ತೋ ಏನೋ.

ಇದನ್ನೇ ಎಲ್ಲರಿಗೂ ಹೇಳಲಾರೆ. ನಮ್ಮ ಯಜಮಾನರು ಐದಡಿ ಏಳಿಂಚು. ಯಾವ ಕಂಪನಿಯ ಮೀಡಿಯಮ್ ಸೈಜಾದರೂ ಅವರಿಗೆಂದೇ ಮಾಡಿದ ಹಾಗಿರುತ್ತೆ, ಯಾಕೆಂದರೆ ಮಾಡಿದ್ದೇ ಅಂಥವರ ಲೆಕ್ಕದಲ್ಲಿ. ಅವರು ಕಸ್ಟಮ್ ಕೇಳಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಐದಡಿ ಮೂರಿಂಚಿನಿಂದ ಆರಡಿವರೆಗಿನವರು ಒಳ್ಳೆಯ ಫಿಟ್ಟಿಂಗಿಗೆ, ಅಗಲದ ಟೈರಿಗೆ, ಸುಲಭದ ಗೇರಿಗೆ ಖರ್ಚು ಮಾಡಿ ಉಳಿದದ್ದನ್ನು ಎಫ್‌ಡಿಯಲ್ಲಿಡಲಿ.

ಕಸ್ಟಮ್ಮಿನಲ್ಲೂ ಒಂದು ಅಪಾಯ ನಮ್ಮ ವಯಸ್ಸಿನವರಿಗೆ ವಿಶೇಷವಾಗಿದೆ. ಕುಶಲಿ ಅಳೆಯುವುದು ಇವತ್ತಿನ ಮೈಯನ್ನು. ಒಳಕಾಲು, ಮುಂಡ, ತೋಳು, ಹೆಗಲು, ಬಗ್ಗಿದರೆ ಬೆರಳು ಎಲ್ಲಿಗೆ ಮುಟ್ಟುತ್ತೆ, ಎಲ್ಲವನ್ನೂ ಬರೆದುಕೊಂಡರು. ಒಳಕಾಲು ಹಾಗೇ ಇರುತ್ತೆ. ಬಗ್ಗುವುದು ಇರಲ್ಲ, ಇನ್ನೈದು ವರ್ಷಕ್ಕೆ ನನ್ನ ಬೆನ್ನು ಇನ್ನೊಂದಿಷ್ಟು ನೆಟ್ಟಗಾಗಿರುತ್ತೆ. ಆದ್ದರಿಂದ ಫೋರ್ಕಿನ ಮೇಲ್ತುದಿ ಕತ್ತರಿಸದೆ ಉದ್ದ ಬಿಡಿ, ಹ್ಯಾಂಡಲನ್ನು ಮೂರು ಸೆಂ.ಮೀ. ಏರಿಸಲು ಜಾಗ ಇರಲಿ ಅಂದೆ. ಮೇಲಿನ ಕೊಳವೆಯನ್ನು ಇಳಿಜಾರಾಗಿ ಕೆಳಗೆ ತನ್ನಿ, ಒಂದು ಗಂಟೆ ತುಳಿದು ಇಳಿದ ಮೇಲೆ ಸೊಂಟ ಬಿಗಿದಿರುತ್ತೆ, ಕಾಲು ಹಿಂದಿನಿಂದ ಎತ್ತಿ ಹಾಕಲು ಆಗದ ದಿನ ಬಂದೇ ಬರುತ್ತೆ ಅಂದೆ.

"ಮೇಡಂ, ನೋಡೋಕೆ ಲೇಡೀಸ್ ಸೈಕಲ್ ಥರ ಆಗುತ್ತೆ, ಪರವಾಗಿಲ್ವಾ?"

"ಲೇಡಿನೇ ಓಡಿಸೋದಲ್ವೇನಪ್ಪಾ!"

ಡ್ರಾಯಿಂಗ್ ಕಳಿಸಿದ್ದಾರೆ. ಪೆಡಲಿನ ನಡುವಿನಿಂದ ಮುಂಚಕ್ರದ ಟೈರಿಗೆ ಎಷ್ಟು ಅಂತರ ಅನ್ನುವ ಸಂಖ್ಯೆ ಅದರಲ್ಲಿರಲಿಲ್ಲ. ಬರೆದು ಕಳಿಸಿ, ಮಡ್‌ಗಾರ್ಡ್ ಹಾಕಿದ ಮೇಲಿನ ಅಂತರವನ್ನೂ ಸೇರಿಸಿ, ಆಮೇಲೆ ಸಹಿ ಹಾಕುತ್ತೇನೆ ಅಂತ ಉತ್ತರಿಸಿದ್ದೇನೆ.