ಬಫನ್ ದಾರಿಯೋ, ನೋಯರ್ ದಾರಿಯೋ?

ಫುಟ್‌ಬಾಲ್ ಗೋಲ್‌ಕೀಪಿಂಗ್ ಕಲಿಯುವವರು ಯಾರ ಪಂದ್ಯ ನೋಡಬೇಕು ಅನ್ನುವುದು ನಿಮ್ಮ ಡಿಫೆನ್ಸ್ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲಿದೆ.

ಡಿಫೆಂಡರ್‌ಗಳು ಬಾಕ್ಸ್ (ಗೋಲ್ ಮುಂದಿನ ಪೆನಾಲ್ಟಿ ಚೌಕ) ಹತ್ತಿರವೇ ಇದ್ದರೆ ಇಟಲಿಯ ಗೋಲ್‌ಕೀಪರ್ ಜಿಯಾನ್‌ಲೂಯಿಜಿ ಬಫನ್. 2006ರ ವಿಶ್ವಕಪ್‌ನಲ್ಲಿ ಇಟಲಿ ಬಿಟ್ಟುಕೊಟ್ಟದ್ದು ಎರಡೇ ಗೋಲು: ಒಂದು ತಮ್ಮವರೇ ಹೊಡೆದದ್ದು, ಇನ್ನೊಂದು ಫೈನಲ್‌ನಲ್ಲಿ ಫ್ರಾನ್ಸ್‌ನ ಜಿದಾನ್ ಪೆನಾಲ್ಟಿ. ಬಫನ್ ಅವರ ಕೈಯನ್ನಲ್ಲ, ಕಾಲನ್ನು ನೋಡಿ. ಹೊಡೆತಕ್ಕೆ ಮೊದಲೇ ಎರಡೂ ಪಾದ ನೆಲದ ಮೇಲೆ, ಭಾರ ಮುಂಗಾಲಲ್ಲಿ. ಹೆಜ್ಜೆ ಹಾಕುತ್ತಿರುವಾಗಲೇ ಚೆಂಡು ಬಂದರೆ ಜಿಗಿತ ತಡವಾಗುತ್ತದೆ. ಹೊಸಬರು ಹೆಚ್ಚಾಗಿ ಎಡವುವುದೇ ಇಲ್ಲಿ.

ಡಿಫೆನ್ಸ್ ಮಧ್ಯಗೆರೆಯತ್ತ ಏರಿದರೆ ಅವರ ಬೆನ್ನ ಹಿಂದಿನ ಖಾಲಿ ಜಾಗವೆಲ್ಲ ನಿಮ್ಮದೇ ಹೊಣೆ. 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ವಿರುದ್ಧ ಜರ್ಮನಿಯ ಗೋಲ್‌ಕೀಪರ್ ಮ್ಯಾನುಯೆಲ್ ನೋಯರ್ ಪದೇ ಪದೇ 16.5 ಮೀಟರ್ ಬಾಕ್ಸ್ ದಾಟಿ ಬಂದು ಚೆಂಡು ತಡೆದರು. ಗುಟ್ಟಿರುವುದು ಓಟದಲ್ಲಲ್ಲ, ಪಾಸ್ ಹೊರಡುವ ಮೊದಲೇ ಮುಂದೆ ಬಂದು ನಿಂತಿದ್ದರಲ್ಲಿ. ಅರೆಮನಸ್ಸಿನಿಂದ ಹೊರಟರೆ ಚೆಂಡೂ ಇಲ್ಲ, ಗೋಲ್‌ಪೋಸ್ಟೂ ಇಲ್ಲ. ಈ ದಾರಿಯಲ್ಲಿ ಅಪಾಯವೂ ಇದೆ: 2018ರ ವಿಶ್ವಕಪ್‌ನಲ್ಲಿ ದಕ್ಷಿಣ ಕೊರಿಯಾ ಎದುರು ನೋಯರ್ ಎದುರಾಳಿ ಅರ್ಧದಲ್ಲಿ ಚೆಂಡು ಕಳೆದುಕೊಂಡರು. ಕೊರಿಯಾದ ಸನ್ ಅದನ್ನು ಖಾಲಿ ಬಲೆಗೆ ತಳ್ಳಿದರು. (ಆಗ ಜರ್ಮನಿ ಹೇಗೂ ಹಿಂದಿತ್ತು, ನಿಜ.)

ಬಾಳಿಕೆಯಲ್ಲಿ ಬಫನ್‌ಗೆ ಸಾಟಿ ಕಡಿಮೆ: 17ನೇ ವಯಸ್ಸಿಗೆ ಇಟಲಿಯ ಪಾರ್ಮಾ ಕ್ಲಬ್‌ನಲ್ಲಿ ಶುರು, 2023ರಲ್ಲಿ 45ಕ್ಕೆ ವಿದಾಯ. ಹಾಗಾಗಿ ಮೊದಲು ಬಫನ್ ನಿಲುವು, ಆಮೇಲೆ ನೋಯರ್ ಓಟ. ಉಲ್ಟಾ ಕಲಿತವರ ಪಾದ ತಿದ್ದುವುದು ಕಷ್ಟ.